ಅಕ್ಷರ ದೊಡ್ಡದು ಮಾಡಿ ಓದುವ ಹಕ್ಕು

ಅಂತರ್ಜಾಲದಲ್ಲಿ ಕನ್ನಡ ಓದುವುದು ತಮ್ಮಿಂದಾಗದು, ಕಣ್ಣು ಸೋಲುತ್ತದೆ ಎಂದು ಮೂಡಿಗೆರೆಯ ನನ್ನ ಓರಗೆಯ ಹಿರಿಯರು ಹೇಳುವುದುಂಟು. ಹೊಸ ಕನ್ನಡಕ ಬಂದ ಮೇಲೂ ಅದೇ ಮಾತು. ವಯಸ್ಸಿನ ದೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಅಂಗಿಯನ್ನೇ ಕನ್ನಡಕ್ಕೂ ತೊಡಿಸಿರುವುದು ಇದರಲ್ಲಿ ದೊಡ್ಡ ಪಾಲು ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷಿನ ಅಕ್ಷರಗಳು ಸಾಲಿನ ಮೇಲೆ ಕುಳಿತಿರುತ್ತವೆ. ಕೆಲವಕ್ಕೆ ಮಾತ್ರ ಕೆಳಗೊಂದು ಬಾಲ. ನಮ್ಮ ಲಿಪಿ ಹಾಗಲ್ಲ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಅಡಿಯಲ್ಲಿ ಒತ್ತು. 'ರಾಷ್ಟ್ರ' ಎಂಬಲ್ಲಿ ಒಂದು ಷಕಾರ ಎರಡು ಒತ್ತುಗಳನ್ನು ಹೊರಬೇಕು. ಮಹಾಪ್ರಾಣಕ್ಕೆ 'ಹೊಟ್ಟೆ ಸೀಳಿ' ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವಲ್ಲ, ಆ ಸೀಳು ಪರದೆಯ ಮೇಲೆ ಒಂದೆರಡು ಚುಕ್ಕೆಯಷ್ಟೇ. ಅದು ಕಾಣದಿದ್ದರೆ ಧನವು ದನವಾಗುತ್ತದೆ! ಸಾಲುಗಳ ನಡುವಿನ ಅಂತರವೂ ಇಂಗ್ಲಿಷಿನ ಲೆಕ್ಕದಲ್ಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ನಮ್ಮೂರಿನಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ವಾದಿಸುತ್ತಿದ್ದರು. ಗಣಕಯಂತ್ರದಲ್ಲಿ ಕನ್ನಡ ಮೂಡುವುದೇ ಅಂದಿನ ಚಿಂತೆ. ಮೂಡಿದ್ದಾಯಿತು, ಓದಲು ಬರುವಂತಿರಬೇಕೆಂಬುದು ಈಗಿನ ಚಿಂತೆ.

2001ರ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆರನೆಯ ಆವೃತ್ತಿಯಲ್ಲಿ ಅಕ್ಷರಕ್ಕೆ ಐದೇ ಗಾತ್ರಗಳಿದ್ದವು. ಪುಟ ಕಟ್ಟಿದವರು ಗಾತ್ರವನ್ನು ಪಿಕ್ಸೆಲ್‌ಗಳಲ್ಲಿ ನಿಗದಿಪಡಿಸಿದ್ದರೆ ಅದೂ ಕದಲುತ್ತಿರಲಿಲ್ಲ. 2006ರ ಏಳನೆಯ ಆವೃತ್ತಿಯಲ್ಲಿ ಇಡೀ ಪುಟವನ್ನೇ ಹಿಗ್ಗಿಸುವ ಸೌಲಭ್ಯ ಬಂತು. ಈಗ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಪ್ಲಸ್ ಚಿಹ್ನೆ ಒತ್ತಿದರೆ ಸಾಕು, ಅಕ್ಷರ ಬೆಳೆಯುತ್ತದೆ. ಮೈನಸ್ ಒತ್ತಿದರೆ ಕುಗ್ಗುತ್ತದೆ. ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳು ಆಯಾ ತಾಣಕ್ಕೆ ನೀವು ಕೊಟ್ಟ ಗಾತ್ರವನ್ನು ನೆನಪಿಟ್ಟುಕೊಳ್ಳುತ್ತವೆ. ಚಿತ್ರಗಳು ಇದ್ದಂತೆಯೇ ಇದ್ದು ಅಕ್ಷರವಷ್ಟೇ ಹಿಗ್ಗಬೇಕೆನ್ನುವವರಿಗೆ ಫೈರ್‌ಫಾಕ್ಸ್‌ನಲ್ಲಿ ಬೇರೆ ಆಯ್ಕೆಯಿದೆ. ನೂರೈವತ್ತು ಪ್ರತಿಶತಕ್ಕೆ ಏರಿಸಿಕೊಳ್ಳಲು ಸಂಕೋಚವೇಕೆ? ಪಕ್ಕದಲ್ಲಿ ಕುಳಿತ ಮೊಮ್ಮಗ ನಕ್ಕರೆ ನಗಲಿ.

ನನ್ನ ತಕರಾರು ಓದುಗರ ಮೇಲಲ್ಲ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಲಾಗದಂತೆ ಪುಟಕ್ಕೆ ಬೀಗ ಜಡಿಯುವವರಿದ್ದಾರೆ. ವಿನ್ಯಾಸ ಕೆಡುತ್ತದೆ ಎಂಬುದು ಅವರ ಸಮರ್ಥನೆ. ಓದಲಾಗದ ವಿನ್ಯಾಸ ಯಾರ ಉಪಯೋಗಕ್ಕೆ? ಪಠ್ಯವನ್ನು 200 ಪ್ರತಿಶತದವರೆಗೆ ಹಿಗ್ಗಿಸಿದರೂ ಪುಟದಲ್ಲಿ ಏನೂ ಕಳೆದುಹೋಗಬಾರದೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಐಫೋನಿನ ಸಫಾರಿ 2016ರಿಂದ ಇಂಥ ಬೀಗವನ್ನು ಲೆಕ್ಕಿಸುವುದಿಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿಯೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಎಂಬಲ್ಲಿ ಬೀಗವನ್ನು ಮೀರುವ ಆಯ್ಕೆಯುಂಟು. ಮಕ್ಕಳು ರಜೆಗೆ ಊರಿಗೆ ಬಂದಾಗ ಮಾಡಿಸಿಕೊಳ್ಳಿ.

ಯಾವ ಆಯ್ಕೆಯೂ ನೆರವಾಗದ ಪುಟಗಳೂ ಇವೆ. ಪ್ರಕಟಣೆಯ ಕಾಗದವನ್ನು ಫೋಟೋ ತೆಗೆದು ಹಾಗೆಯೇ ಏರಿಸಿಬಿಡುವುದು ಕಚೇರಿಗಳಲ್ಲಿ ರೂಢಿಯಾಗಿದೆ. ಹಿಗ್ಗಿಸಿದಷ್ಟೂ ಅಕ್ಷರ ಮಸುಕಾಗುತ್ತದೆ. ಅರ್ಜಿಯ ಕೊನೆಯ ದಿನಾಂಕ 3 ಎಂದೋ 8 ಎಂದೋ ತಿಳಿಯಲು ನಮ್ಮಂಥವರು ಕೊನೆಗೆ ಬಸ್ಸು ಹತ್ತಿ ಕಚೇರಿಗೇ ಹೋಗಬೇಕು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಹಾಕಲು ಅವರಿಗೆ ಹಿಡಿಯುವುದು ಹತ್ತು ನಿಮಿಷ.