ಎದೆನೋವು, ಚುಚ್ಚುಮದ್ದು ಮತ್ತು ಗಡಿ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ನಿಧನರಾದ ಬಳಿಕ ಅವರ ಹೆಸರಿನಲ್ಲಿ ರೂಪುಗೊಂಡ ಹೃದಯಜ್ಯೋತಿ ಯೋಜನೆಯು ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿ ಪರೀಕ್ಷೆಯನ್ನೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ತಂದಿತು. ಶ್ಲಾಘನೀಯ ಕ್ರಮ. ಆದರೆ ಎಲ್ಲ ಹೃದಯಾಘಾತಗಳಿಗೂ ಕೊಬ್ಬು, ಹೆಪ್ಪುಗಳೇ ಕಾರಣವಲ್ಲ.

ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಯ ಗೋಡೆಯ ಪದರಗಳು ತಮ್ಮಷ್ಟಕ್ಕೇ ಬೇರ್ಪಟ್ಟು, ನಡುವೆ ರಕ್ತ ಶೇಖರವಾಗಿ ಹರಿವಿಗೆ ತಡೆಯಾಗುವುದುಂಟು. ವೈದ್ಯರು ಇದನ್ನು ‘ಸ್ಕ್ಯಾಡ್’ ಎನ್ನುತ್ತಾರೆ. ಒಟ್ಟು ಪ್ರಕರಣಗಳಲ್ಲಿ ಇದರ ಪಾಲು ಶೇ 1ರಿಂದ 4 ಮಾತ್ರ; ಐವತ್ತರೊಳಗಿನ ಮಹಿಳೆಯರ ಹೃದಯಾಘಾತಗಳಲ್ಲಾದರೋ ಶೇ 35ರವರೆಗೂ ಇರಬಹುದೆಂಬ ಅಂದಾಜಿದೆ. ಬಾಣಂತಿಯರೂ ಇದಕ್ಕೆ ತುತ್ತಾಗುತ್ತಾರೆ. ಸಕ್ಕರೆ ಕಾಯಿಲೆಯಾಗಲೀ ರಕ್ತದೊತ್ತಡವಾಗಲೀ ಇಲ್ಲದ ಹೆಣ್ಣುಮಗಳ ಎದೆನೋವನ್ನು ‘ಗ್ಯಾಸ್’ ಎಂದು ತಳ್ಳಿಹಾಕುವ ನಮ್ಮ ರೂಢಿ ಇಲ್ಲಿ ಪ್ರಾಣಕ್ಕೇ ಎರವಾದೀತು.

ಇಸಿಜಿ ಇವೆರಡನ್ನೂ ಪ್ರತ್ಯೇಕಿಸಲಾರದು. ಅದಕ್ಕೆ ಆಂಜಿಯೋಗ್ರಾಮ್ ಬೇಕು. ಸ್ಕ್ಯಾಡ್ ಆದವರಲ್ಲಿ ಹೆಪ್ಪು ಕರಗಿಸುವ ಮದ್ದು ಸೀಳನ್ನು ಹಿಗ್ಗಿಸಬಹುದು, ಸ್ಟೆಂಟ್ ಕೂಡ ತೊಡಕು ತರಬಹುದು. ಹರಿವು ಉಳಿದಿದ್ದರೆ, ನಿಗಾದಲ್ಲಿಟ್ಟಾಗ ಬಹುತೇಕ ಸೀಳುಗಳು ವಾರಗಳಲ್ಲಿ, ತಿಂಗಳುಗಳಲ್ಲಿ ತಾವೇ ಮಾಯುತ್ತವೆ. ಹಾಗೆಂದು ಚುಚ್ಚುಮದ್ದನ್ನೇ ನಿಲ್ಲಿಸಿದರೆ ಅದರಿಂದ ಬದುಕುಳಿಯುವ ಬಹುಸಂಖ್ಯಾತರಿಗೆ ಅನ್ಯಾಯ.

ಆದ್ದರಿಂದ ಪ್ರಶ್ನೆ ಮದ್ದಿನದಲ್ಲ, ದೂರದ್ದು. ಕಾಗವಾಡದಿಂದ ಜಿಲ್ಲಾ ಕೇಂದ್ರ ಬೆಳಗಾವಿಗೆ ನೂರಕ್ಕೂ ಹೆಚ್ಚು ಕಿ.ಮೀ.; ಗಡಿಯಾಚೆಯ ಮಿರಜ್ ಅರ್ಧ ಗಂಟೆಯ ದಾರಿ. 1894ರಲ್ಲಿ ವಾನ್‌ಲೆಸ್ ಆಸ್ಪತ್ರೆ ಆರಂಭವಾದ ಊರದು. ಈ ಭಾಗದ ರೋಗಿಗಳಿಗೆ ಚಿರಪರಿಚಿತ. ಚುಚ್ಚುಮದ್ದು ಪಡೆದ ರೋಗಿಯನ್ನು, ವಿಶೇಷವಾಗಿ ಕಿರಿಯ ವಯಸ್ಸಿನ ಮಹಿಳೆಯನ್ನು, ತಡವಿಲ್ಲದೆ ಅಲ್ಲಿಗೆ ಸಾಗಿಸುವ ಹಾಗೂ ವೆಚ್ಚ ಭರಿಸುವ ಸ್ಪಷ್ಟ ಕ್ರಮ ಯೋಜನೆಯ ನಿಯಮಾವಳಿಯಲ್ಲೇ ಇರಬೇಕು. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಗಡಿಗಾಗಿ ಎದುರುಬದುರಾಗಿರುವ ಎರಡು ಸರ್ಕಾರಗಳಿಗೆ ಇಷ್ಟೊಂದು ಕರಾರು ಭಾರವಾಗಬಾರದು.