ಎರಡು ಸಲ ಗುದ್ದಿದ ಕಾರಿನ ವಿಮೆ

ಹೊಸ ಕಾರು ಮನೆಗೆ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣಿರಿಸದ ಸಂಸಾರ ಕನ್ನಡ ನಾಡಿನಲ್ಲಿ ವಿರಳ. ಅದೇ ದಿನ ಕೈಗೆ ಬಂದ ವಿಮೆಯ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಸಂಸಾರ ಅದಕ್ಕಿಂತಲೂ ವಿರಳ. ನಿಂಬೆಹಣ್ಣು ಜನರ ದೃಷ್ಟಿಯನ್ನು ತಡೆದೀತು. ಓಡಿಸುವವನ ದುಡುಕನ್ನು ತಡೆಯಲಾರದು. ಕಾರು ಎಲ್ಲಿಯಾದರೂ ಗುದ್ದಿದ ಮೇಲೆಯೇ ಬೀರುವಿನ ಮೂಲೆಯಲ್ಲಿರುವ ಪಾಲಿಸಿ ನೆನಪಾಗುವುದು. ಎರಡು ಸಲ ಗುದ್ದಿದ ಮೇಲೆಯೇ ಅದರ ಬೆಲೆ ಏರಿದೆಯೆಂಬುದು ತಿಳಿಯುವುದು.

ಬೆಂಗಳೂರಿನ ಜಯನಗರದಲ್ಲಿ ಇಂಥದೊಂದು ಸಂಸಾರವಿದೆಯೆಂದು ಓದುಗರು ಭಾವಿಸಿಕೊಳ್ಳಲಿ. ಯಜಮಾನರು ನಿವೃತ್ತ ಉಪಾಧ್ಯಾಯರು. ಕಾರು ಅವರ ಹೆಸರಿನಲ್ಲಿದೆ. ಐದು ವರ್ಷ ಅವರೇ ಅದನ್ನು ಓಡಿಸಿದರು. ಒಮ್ಮೆಯೂ ವಿಮಾ ಕಂಪನಿಯ ಮುಂದೆ ಕೈಯೊಡ್ಡಲಿಲ್ಲ. ಆರನೆಯ ವರ್ಷ, ಹೊಸದಾಗಿ ಕೆಲಸಕ್ಕೆ ಸೇರಿದ ಮಗ ಸ್ಟಿಯರಿಂಗ್ ಹಿಡಿದ. ಮೊದಲ ಸಲ ಮೈಸೂರು ರಸ್ತೆಯ ಡಿವೈಡರಿಗೆ ಗುದ್ದಿದ. ನಾಲ್ಕು ತಿಂಗಳ ತರುವಾಯ ಸ್ವಂತ ಮನೆಯ ಗೇಟಿನ ಕಂಬಕ್ಕೇ ಗುದ್ದಿದ. ಎರಡು ಸಲವೂ ದುರಸ್ತಿಯ ಹಣವನ್ನು ಕಂಪನಿಯಿಂದ ಪಡೆದದ್ದಾಯಿತು. ವರ್ಷ ತಿರುಗಿ ನವೀಕರಣದ ಕಾಗದ ಬಂದಾಗ, ಕಾರಿನ ಸ್ವಂತ ನಷ್ಟದ ವಿಮೆಗೆ ಹಿಂದಿನ ವರ್ಷ 8,000 ರೂಪಾಯಿ ಇದ್ದ ಪ್ರೀಮಿಯಂ 16,000ಕ್ಕೆ ಏರಿತ್ತು.

ಪರಿಚಯದ ಏಜೆಂಟನೊಬ್ಬ ಬಂದು ಕುಳಿತು ಸಮಾಧಾನ ಹೇಳಿದ: “ಇದಕ್ಕೆಲ್ಲ ಚಿಂತೆ ಯಾಕೆ ಸಾರ್? ಬೇರೆ ಕಂಪನಿಗೆ ಹೋಗೋಣ. ಹೋದ ವರ್ಷ ಕ್ಲೇಮು ಮಾಡಿಲ್ಲ ಅಂತ ಅರ್ಜಿಯಲ್ಲಿ ಬರೆದರಾಯಿತು.”

“ಎಲ್ಲರೂ ಮಾಡುವುದೇ ಅಲ್ಲವೇನಪ್ಪಾ?” ಎಂದು ಮಗ ದನಿಗೂಡಿಸಿದ.

ಕಾಫಿ ತಂದ ಗೃಹಿಣಿ ಲೋಟಗಳನ್ನಿಟ್ಟು ಅಲ್ಲಿಯೇ ನಿಂತರು. “ಅಲ್ಲಾರೀ, ನಾಳೆ ಇವನು ಯಾರಿಗಾದರೂ ಗುದ್ದಿದರೆ ಅವರ ಗತಿ ಏನು? ಬಿಡ್ತು ಅನ್ನಿ, ಇವನಿಗೇ ಏನಾದರೂ ಆದರೆ?”

ಲೆಕ್ಕಕ್ಕೆ ಕುಳಿತಿದ್ದ ಗಂಡಸರಿಗೆ ಹೊಳೆಯದಿದ್ದ ಈ ಎರಡು ಪ್ರಶ್ನೆಗಳೇ ಮೋಟಾರು ವಿಮೆಯ ಸಾರ.

ಮೊದಲನೆಯ ಪ್ರಶ್ನೆಗೆ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ರಸ್ತೆಯಲ್ಲಿ ಹೋಗುವ ಅನ್ಯರಿಗೆ ಒದಗುವ ಹಾನಿಗಾಗಿ ಇರುವ ಥರ್ಡ್ ಪಾರ್ಟಿ ವಿಮೆ 1939ರ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ 1946ರ ಜುಲೈ 1ರಿಂದ ಕಡ್ಡಾಯವಾಯಿತು. 1988ರ ಕಾಯಿದೆಯ 146ನೆಯ ಕಲಮು ಅದನ್ನು ಮುಂದುವರಿಸಿದೆ. 2019ರ ತಿದ್ದುಪಡಿಯಂತೆ ವಿಮೆಯಿಲ್ಲದ ಕಾರನ್ನು ಓಡಿಸಿದವನಿಗೆ ಮೊದಲ ಸಲ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಈ ವಿಮೆಯ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಪೆಟ್ರೋಲ್ ಇಲ್ಲವೆ ಡೀಸೆಲ್‌ನಿಂದ ಓಡುವ ಖಾಸಗಿ ಕಾರಿಗೆ ವರ್ಷವೊಂದಕ್ಕೆ, ಇಂಜಿನ್ 1,000 ಸಿ.ಸಿ. ಮೀರದಿದ್ದರೆ 2,094 ರೂಪಾಯಿ, ಅದನ್ನು ದಾಟಿ 1,500ರವರೆಗೆ 3,416, ಅದಕ್ಕೂ ಮೇಲ್ಪಟ್ಟರೆ 7,897 ಎಂದು ನಮೂದಿಸಿತ್ತು. ಪಟ್ಟಿಯಲ್ಲಿ ಇಂಜಿನ್ನಿನ ಗಾತ್ರವಿದೆ, ಓಡಿಸುವವನ ಗುಣವಿಲ್ಲ. ಹತ್ತು ವರ್ಷ ಒಬ್ಬರಿಗೂ ತಗುಲಿಸದವನೂ ಹಬ್ಬಕ್ಕೊಂದು ಬಾರಿ ಗುದ್ದುವವನೂ ತೆರುವುದು ಒಂದೇ ದರ. ಇದು ಬದಲಾಗಬೇಕೆಂಬ ಚಿಂತನೆಯೂ ನಡೆದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನೇಮಿಸಿದ ತಂಡದ ಕರಡು ವರದಿ 2021ರ ಜನವರಿಯಲ್ಲಿ ಹೊರಬಂದಿತು. ಸಂಚಾರದ ತಪ್ಪುಗಳಿಗೆ ಅಂಕ ಕೊಟ್ಟು ಪ್ರೀಮಿಯಂ ಏರಿಸಬೇಕೆಂದು ಅದು ಸೂಚಿಸಿತ್ತು: ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10.

ಓಡಿಸುವವನ ನಡತೆಗೆ ಬೆಲೆ ಬೀಳುವುದು ವಿಮೆಯ ಎರಡನೆಯ ಭಾಗದಲ್ಲಿ, ಎಂದರೆ ಕಾರಿನ ಸ್ವಂತ ನಷ್ಟಕ್ಕಾಗಿ ಮಾಡಿಸುವ ವಿಮೆಯಲ್ಲಿ. ಇದರ ದರ 2007ರ ಜನವರಿ 1ರಿಂದ ಸರ್ಕಾರದ ಪಟ್ಟಿಯ ಹಿಡಿತದಿಂದ ಬಿಡುಗಡೆಯಾಯಿತು. ಒಂದು ಕಂಪನಿಯ ಬೆಲೆ ಇನ್ನೊಂದರದಲ್ಲ. ಇಲ್ಲಿಯೇ ನೋ ಕ್ಲೇಮ್ ಬೋನಸ್ ಎಂಬ ಬಹುಮಾನವಿದೆ. ಕ್ಲೇಮು ಮಾಡದೆ ಒಂದು ವರ್ಷ ಕಳೆದರೆ ನೂರಕ್ಕೆ 20ರಷ್ಟು ರಿಯಾಯಿತಿ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಏಣಿಯನ್ನು ಹತ್ತಲು ಐದು ವರ್ಷ ಬೇಕು. ಇಳಿಯಲು ಒಂದೇ ಕ್ಲೇಮು ಸಾಕು.

ಆ ಸಂಜೆ ಉಪಾಧ್ಯಾಯರು ಹಳೆಯ ಅಭ್ಯಾಸದಂತೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರು. ಮೂಲ ಪ್ರೀಮಿಯಂ ಬದಲಾಗದೆ 16,000ವೇ ಇರುವುದಾದರೆ, ಬೋನಸ್ ಕಳೆದುಕೊಂಡ ಮೊದಲ ವರ್ಷದ ನಷ್ಟ 8,000, ಎರಡನೆಯ ವರ್ಷದ್ದು 4,800, ಮೂರನೆಯದು 4,000, ನಾಲ್ಕನೆಯದು 2,400, ಐದನೆಯದು 800. ಒಟ್ಟು 20,000 ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ತಗ್ಗುವುದರಿಂದ ಈ ಮೊತ್ತವೂ ತುಸು ತಗ್ಗಬಹುದು. ಡಿವೈಡರಿಗೆ ಗುದ್ದಿದ ಸಲ ದುರಸ್ತಿಗೆ ಬಿದ್ದದ್ದು ಕೇವಲ 6,500. ಅದರಲ್ಲಿಯೂ ಪ್ಲಾಸ್ಟಿಕ್ ಭಾಗಗಳ ಬೆಲೆಯನ್ನು ಅರ್ಧಕ್ಕಿಳಿಸಿ, ಮಾಲೀಕನೇ ಭರಿಸಬೇಕಾದ 1,000 ರೂಪಾಯಿಯನ್ನು ಕಳೆದು ಕಂಪನಿ ಉಳಿದುದನ್ನಷ್ಟೇ ಕೊಟ್ಟಿತ್ತು. ಆ ಅಲ್ಪ ಹಣವನ್ನು ಕೇಳದೆ ಬಿಟ್ಟಿದ್ದರೆ ಐದು ವರ್ಷದ ಉಳಿತಾಯಕ್ಕೆ ಆಗಲೇ ಕುತ್ತು ಬರುತ್ತಿರಲಿಲ್ಲ. ಸಣ್ಣ ದುರಸ್ತಿಯನ್ನು ಕೈಯಿಂದ ಮಾಡಿಸಿಕೊಂಡು ದೊಡ್ಡ ಹಾನಿಗೆ ವಿಮೆಯನ್ನು ಮೀಸಲಿಡುವುದು ವಿವೇಕದ ಮೊದಲ ಪಾಠ.

ಇನ್ನು ಏಜೆಂಟನ ಉಪಾಯ. ಬೋನಸ್ಸಿನ ಬಗ್ಗೆ ಅರ್ಜಿಯಲ್ಲಿ ಬರೆದ ಹೇಳಿಕೆ ಸುಳ್ಳೆಂದು ಕಂಡುಬಂದರೆ ಸ್ವಂತ ನಷ್ಟದ ಭಾಗದ ಪ್ರಯೋಜನಗಳನ್ನೆಲ್ಲ ಮಾಲೀಕನು ಕಳೆದುಕೊಳ್ಳುತ್ತಾನೆ. ಹಿಂದಿನ ಕಂಪನಿಯಿಂದ ವಿಚಾರಿಸಿ ನಿಜವನ್ನು ತಿಳಿಯುವುದು ಹೊಸ ಕಂಪನಿಗೆ ಕಷ್ಟವಲ್ಲ. ಸುಳ್ಳು ಬರೆದವನು 8,000 ರೂಪಾಯಿ ಉಳಿಸಿದೆನೆಂದು ಹಿಗ್ಗುತ್ತಾನೆ; ಕಾರು ನುಜ್ಜುಗುಜ್ಜಾದ ದಿನ ಲಕ್ಷಗಳ ಪರಿಹಾರಕ್ಕೆ ಎರವಾಗುತ್ತಾನೆ. ಹೀಗೆ ಕೊಂಡದ್ದು ಅಗ್ಗದ ವಿಮೆಯಲ್ಲ. ಬೆಲೆ ತೆತ್ತು ಪಡೆದ ಬರಿಯ ಕಾಗದ.

ಹಾಗಾದರೆ ಗುದ್ದಿದವನಿಗೆ ಪ್ರಾಮಾಣಿಕ ಮಿತವ್ಯಯದ ದಾರಿಯಿಲ್ಲವೆ? ಉಂಟು. ನಿಜವನ್ನೇ ಬರೆದು ನಾಲ್ಕಾರು ಕಂಪನಿಗಳ ದರಗಳನ್ನು ಹೋಲಿಸಿ ನೋಡಬಹುದು. ನಷ್ಟದ ಇಂತಿಷ್ಟು ಭಾಗವನ್ನು ತಾನೇ ಭರಿಸುವೆನೆಂದು ಒಪ್ಪಿಕೊಂಡು ಪ್ರೀಮಿಯಂ ಇಳಿಸಿಕೊಳ್ಳಬಹುದು. ಬೇಡದ ಹೆಚ್ಚುವರಿ ಸೌಲಭ್ಯಗಳನ್ನು ಬಿಡಬಹುದು. ಓಡಿಸಿದ ದೂರವನ್ನೂ ಓಡಿಸಿದ ರೀತಿಯನ್ನೂ ಅಳೆದು ಹಣ ಪಡೆಯುವ ಬಗೆಯ ವಿಮೆಗೆ ಪ್ರಾಧಿಕಾರವು 2022ರ ಜುಲೈಯಲ್ಲಿ ಅನುಮತಿ ಕೊಟ್ಟಿತು. ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವ ಮನೆಗೆ ಅದು ಅನುಕೂಲ. ಕಾರು ತೀರ ಹಳೆಯದಾಗಿದ್ದರೆ ಕಡ್ಡಾಯದ ವಿಮೆಯೊಂದನ್ನೇ ಉಳಿಸಿಕೊಂಡು ಸ್ವಂತ ನಷ್ಟವನ್ನು ತಾನೇ ಹೊರಬಹುದು. ಆದರೆ ಕಾರಿನ ಬೆಲೆಯನ್ನು ಕಡಮೆ ತೋರಿಸಿ ಪ್ರೀಮಿಯಂ ಇಳಿಸುವುದು ಜಾಣತನವಲ್ಲ; ಕಾರು ಕಳವಾದ ದಿನ ಸಿಗುವುದೂ ಆ ಕಡಮೆ ಬೆಲೆಯೇ. ನವೀಕರಣದ ದಿನವನ್ನು ಮರೆಯುವುದೂ ಸಲ್ಲದು; ಅವಧಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ ಇಲ್ಲವಾಗುತ್ತದೆ.

ಗೃಹಿಣಿಯ ಎರಡನೆಯ ಪ್ರಶ್ನೆಗೆ ದೊರೆಯುವ ಉತ್ತರ ಇಷ್ಟು ಸಮಾಧಾನಕರವಲ್ಲ. ಮಾಲೀಕನೇ ಓಡಿಸುವಾಗ ಅನ್ವಯಿಸುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೊಂದಿದೆ. ಅದು ಯಾರ ಹೆಸರಿನಲ್ಲಿ ಕಾರಿದೆಯೋ ಅವರಿಗೆ, ಅವರಲ್ಲಿ ಚಾಲನಾ ಪರವಾನಗಿ ಇದ್ದಾಗ ಮಾತ್ರ. ತಂದೆಯ ಕಾರನ್ನು ಓಡಿಸುವ ಮಗನಿಗೆ ಅದರ ಆಸರೆಯಿಲ್ಲ; ಅವನಿಗೆ ಬೇರೆಯೇ ಅಪಘಾತ ವಿಮೆ ಬೇಕು. 2014ರಲ್ಲಿ ಅರಸೀಕೆರೆಯ ಕಡೆಗೆ ಹೊರಟಿದ್ದ ಕಾರೊಂದು ಉರುಳಿ ಅದನ್ನು ಓಡಿಸುತ್ತಿದ್ದವನು ಸತ್ತ. ಅವನ ಮನೆಯವರು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ತನ್ನ ಅಜಾಗರೂಕತೆಯಿಂದಲೇ ಸತ್ತವನ ಕುಟುಂಬಕ್ಕೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲವೆಂಬ ಕರ್ನಾಟಕ ಹೈಕೋರ್ಟಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಕೈಹಾಕಲು ನಿರಾಕರಿಸಿತು. ಕುಡಿದು ಓಡಿಸಿ ಹಾಳುಮಾಡಿದ ಕಾರಿನ ನಷ್ಟವನ್ನು ತುಂಬಿಕೊಡಬೇಕಾಗಿಲ್ಲವೆಂದು ಅದೇ ನ್ಯಾಯಾಲಯ 2021ರಲ್ಲಿ ಹೇಳಿತ್ತು. ಎದುರಿಗೆ ಬಂದ ನಿರಪರಾಧಿಗೆ ಕಾನೂನು ಆಸರೆಯಾಗುತ್ತದೆ. ದುಡುಕಿದವನ ಹೆಂಡತಿ ಮಕ್ಕಳಿಗೆ ಆ ಆಸರೆ ಬಹುಮಟ್ಟಿಗೆ ಇಲ್ಲ.

ಉಪಾಧ್ಯಾಯರು ಇವೆಲ್ಲವನ್ನೂ ವಿಚಾರಿಸಿ ತಿಳಿದುಕೊಂಡ ಮೇಲೆ ಅರ್ಜಿಯಲ್ಲಿ ಎರಡು ಕ್ಲೇಮುಗಳನ್ನೂ ತಾವೇ ಬರೆದರು. ಐದು ಕಂಪನಿಗಳ ದರ ನೋಡಿ, ನಷ್ಟದ ಒಂದು ಭಾಗವನ್ನು ತಾವು ಹೊರುವುದಕ್ಕೆ ಒಪ್ಪಿ, 16,000ವನ್ನು 13,000ಕ್ಕೆ ಇಳಿಸಿದರು. ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆಯಾಯಿತು. ಪ್ರೀಮಿಯಂ ಹೆಚ್ಚಿದ 5,000 ರೂಪಾಯಿ ಮಗನ ಸಂಬಳದಿಂದ ಬರಬೇಕೆಂದು ತೀರ್ಮಾನವಾಯಿತು.

“ಮತ್ತೆ ಐವತ್ತಕ್ಕೆ ಬರಲು ಇನ್ನೂ ಐದು ವರ್ಷ ಬೇಕೇನಪ್ಪಾ?” ಎಂದು ಮಗ ಮೆಲ್ಲನೆ ಕೇಳಿದ.

“ಹೌದು,” ಎಂದರು ಉಪಾಧ್ಯಾಯರು, ಕಾರಿನ ಬೀಗದ ಕೈಯನ್ನು ಅವನ ಕಡೆಗೆ ಸರಿಸುತ್ತ. “ಹಿಂದಿನ ಐದು ವರ್ಷ ನಾನು ಕೂಡಿಟ್ಟೆ. ಮುಂದಿನ ಐದು ವರ್ಷ ನೀನು ಕೂಡಿಡು.”