ಬರಲಿರುವ ಆಟ: ಆಸೆಯೆಷ್ಟು, ಸಂಶಯವೆಷ್ಟು?

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಅಳೆಯುತ್ತಿದ್ದ ಇಬ್ಬರು ವಿದ್ಯಾರ್ಥಿಗಳಲ್ಲಿ ದೊಡ್ಡ ವಾದವೊಂದು ನಡೆದಿತ್ತು. ಲೋಲಕವೇನೋ ನಿಷ್ಠೆಯಿಂದ ತೂಗುತ್ತಲೇ ಇದ್ದಿತು. ಎಣಿಸಬೇಕಾದವರು ಮಾತ್ರ ಎಣಿಕೆಯನ್ನು ಮರೆತಿದ್ದರು. ಹತ್ತಿರ ಹೋಗಿ ವಿಚಾರಿಸಲಾಗಿ, ವಾದದ ವಿಷಯ ಭೌತಶಾಸ್ತ್ರವಲ್ಲವೆಂದೂ, ಇನ್ನೂ ಹುಟ್ಟದೆ ಇರುವ ಒಂದು ಕಂಪ್ಯೂಟರ್ ಆಟವೆಂದೂ ತಿಳಿಯಿತು.

‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಪ್ರಸಿದ್ಧ ಆಟವನ್ನು ರಚಿಸಿದ ಅಮೆರಿಕದ ರಯಟ್ ಗೇಮ್ಸ್ ಸಂಸ್ಥೆ, ಅದೇ ಕಥಾಲೋಕದಲ್ಲಿ ಸಾವಿರಾರು ಜನ ಒಟ್ಟಿಗೆ ಆಡಬಹುದಾದ ಪಾತ್ರಧಾರಣೆಯ ಆಟವೊಂದು ಸಿದ್ಧವಾಗುತ್ತಿದೆಯೆಂಬ ಸುದ್ದಿಯನ್ನು 2020ರ ಡಿಸೆಂಬರಿನಲ್ಲಿ ಹೊರಗೆಡಹಿತು. 2024ರ ಮಾರ್ಚಿಯಲ್ಲಿ ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಮಾರ್ಕ್ ಮೆರಿಲ್ ಅವರು, ಯೋಜನೆಯ ದಿಕ್ಕನ್ನೇ ಬದಲಿಸಿರುವುದಾಗಿಯೂ, ಮುಂದಿನ ಕೆಲವು ವರ್ಷಗಳ ಕಾಲ ಅದರ ವಿಷಯದಲ್ಲಿ ಮೌನವಾಗಿರುವುದಾಗಿಯೂ ತಿಳಿಸಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಈ ಮೌನ ಶುಭಸೂಚನೆ; ಇನ್ನೊಬ್ಬನಿಗೆ ಅಪಶಕುನ. “ಸಾರ್, ನೀವು ಯಾರ ಪಕ್ಷ?” ಎಂದು ಇಬ್ಬರೂ ನನ್ನನ್ನು ಕೇಳಿದರು. ಆಗ ಗಂಟೆ ಹೊಡೆದುದರಿಂದ ನಾನು ತಪ್ಪಿಸಿಕೊಂಡೆ. ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಆಟವನ್ನು ಕಾಣದವರಿಗಾಗಿ ಒಂದು ಮಾತು. ಇದರಲ್ಲಿ ಆಟಗಾರನು ಯೋಧನಾಗಿಯೋ, ಮಾಂತ್ರಿಕನಾಗಿಯೋ, ವೈದ್ಯನಾಗಿಯೋ ಒಂದು ಕಲ್ಪಿತ ಲೋಕವನ್ನು ಹೊಗುತ್ತಾನೆ. ಅಲ್ಲಿ ಎದುರಾಗುವ ಇತರರೂ ಬೇರೆ ಬೇರೆ ದೇಶಗಳ ನಿಜವಾದ ಮನುಷ್ಯರೇ. ನಾವು ಯಂತ್ರವನ್ನು ಆರಿಸಿ ಮಲಗಿದರೂ ಆ ಲೋಕ ನಿಲ್ಲುವುದಿಲ್ಲ. ಆದುದರಿಂದಲೇ ಇಂಥ ಆಟಗಳ ಬಗ್ಗೆ ಕಟ್ಟಿಕೊಳ್ಳುವ ಆಸೆಯೂ ದೊಡ್ಡದು, ಒದಗುವ ನಿರಾಶೆಯೂ ದೊಡ್ಡದು.

ಆಸೆಯಾಗಲಿ ಸಂಶಯವಾಗಲಿ ನಮ್ಮ ಸ್ವಭಾವದಿಂದ ಹುಟ್ಟಬಾರದು, ಅಳತೆಯಿಂದ ಹುಟ್ಟಬೇಕು ಎಂಬುದು ನನ್ನ ಮತ. ಹಗ್ಗದ ಉದ್ದವನ್ನು ಅಳೆಯದೆ ಲೋಲಕದ ಆವರ್ತಕಾಲವನ್ನು ಕುರಿತು ಜಗಳವಾಡುವುದು ಹೇಗೋ, ಆಟದ ಭರವಸೆಗಳನ್ನು ಬಿಡಿಸಿ ನೋಡದೆ ಹೊಗಳುವುದೂ ತೆಗಳುವುದೂ ಹಾಗೆಯೇ. ಭರವಸೆಗಳಲ್ಲಿ ಕೆಲವು ಪ್ರಕೃತಿಯ ನಿಯಮಕ್ಕೆ ಒಳಪಟ್ಟವು, ಕೆಲವು ಗಣಿತಕ್ಕೆ, ಕೆಲವು ಮನುಷ್ಯಸ್ವಭಾವಕ್ಕೆ, ಕೆಲವು ಹಣಕ್ಕೆ. ಒಂದೊಂದನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಬೇಕು.

ಮೊದಲನೆಯದು ಪ್ರಕೃತಿಯ ನಿಯಮ. “ಜಗತ್ತಿನ ಎಲ್ಲರೂ ಒಂದೇ ಲೋಕದಲ್ಲಿ, ಕಣ್ಣೆವೆ ಮುಚ್ಚುವಷ್ಟೂ ತಡವಿಲ್ಲದೆ” ಎಂಬ ಮಾತನ್ನು ಕೇಳಿದೊಡನೆ ಭೌತಶಾಸ್ತ್ರದ ವಿದ್ಯಾರ್ಥಿ ಬೆಳಕಿನ ವೇಗವನ್ನು ನೆನೆಯಬೇಕು. ಶೂನ್ಯದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸಿದರೂ, ಸಂದೇಶವನ್ನು ಹೊರುವ ಗಾಜಿನ ಎಳೆಯಲ್ಲಿ ಅದರ ವೇಗ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರದೂರ ಸುಮಾರು 3,200 ಕಿಲೋಮೀಟರ್. ಹೋಗಿಬರಲು ಬೆಳಕಿಗೆ 32 ಮಿಲಿಸೆಕೆಂಡು ಬೇಕು. ಸರ್ವರು ಅಮೆರಿಕದ ಷಿಕಾಗೋ ನಗರದಲ್ಲಿದ್ದರೆ ದೂರ ಸುಮಾರು 13,700 ಕಿಲೋಮೀಟರ್. ಹೋಗಿಬರಲು 137 ಮಿಲಿಸೆಕೆಂಡು. ಕೇಬಲು ಸಮುದ್ರದಲ್ಲಿ ನೇರವಾಗಿ ಹೋಗುವುದಿಲ್ಲ, ನಡುವಣ ಯಂತ್ರಗಳೂ ಸ್ವಲ್ಪ ಕಾಲವನ್ನು ತಿನ್ನುತ್ತವೆ. ಆದಕಾರಣ ನಿಜವಾದ ತಡ ಇದಕ್ಕಿಂತಲೂ ಹೆಚ್ಚು. ಈ ತಡವನ್ನು ಕಣ್ಣಿಗೆ ಮರೆಮಾಚುವ ಉಪಾಯಗಳಿವೆ. ಇಲ್ಲವಾಗಿಸುವ ಉಪಾಯ ಯಾರಲ್ಲಿಯೂ ಇಲ್ಲ. ಆದ್ದರಿಂದ ಸರ್ವರು ಎಲ್ಲಿರುವುದು ಎಂಬುದನ್ನು ಹೇಳದೆ ವೇಗದ ಕಾಳಗವನ್ನು ಹೊಗಳುವ ಜಾಹೀರಾತನ್ನು ನಾವು ಅರ್ಧ ಮಾತ್ರ ನಂಬಬೇಕು.

ಎರಡನೆಯದು ಗಣಿತ. ಹತ್ತು ಜನ ಒಂದೆಡೆ ಕೂಡಿದರೆ ಪ್ರತಿಯೊಬ್ಬನ ಚಲನೆಯನ್ನು ಉಳಿದ ಒಂಬತ್ತು ಮಂದಿಗೆ ತಿಳಿಸಬೇಕು. ಒಟ್ಟು 90 ಸುದ್ದಿಗಳು. ನೂರು ಜನ ಕೂಡಿದರೆ 9,900. ಸಾವಿರ ಜನ ಕೂಡಿದರೆ 9,99,000! ಜನ ಹತ್ತು ಪಾಲಾದರೆ ಕೆಲಸ ಸುಮಾರು ನೂರು ಪಾಲಾಗುವುದು. ‘ಸಾವಿರಾರು ಸೈನಿಕರ ಮಹಾಯುದ್ಧ’ವೆಂಬ ಭರವಸೆ ಹಲವು ಆಟಗಳಲ್ಲಿ ಮುಗ್ಗರಿಸುವುದು ಇಲ್ಲಿಯೇ. ಐಸ್‌ಲೆಂಡಿನ ಸಿಸಿಪಿ ಸಂಸ್ಥೆ 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಅಂತರಿಕ್ಷದ ಆಟ ಈ ತೊಡಕಿಗೆ ಕಂಡುಕೊಂಡ ದಾರಿ ಮೆಚ್ಚತಕ್ಕದ್ದು. ಗುಂಪು ಮಿತಿಮೀರಿದಾಗ ಅಲ್ಲಿ ಆಟದ ಗಡಿಯಾರವನ್ನೇ ನಿಧಾನಗೊಳಿಸುತ್ತಾರೆ, ಹತ್ತನೆಯ ಒಂದು ಪಾಲಿನವರೆಗೂ! ಸಾಪೇಕ್ಷತಾ ಸಿದ್ಧಾಂತದಲ್ಲಿ ನೀವು ಓದುವ ‘ಕಾಲವಿಸ್ತರಣ’ದ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. 2014ರ ಜನವರಿಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ ಕದನವೊಂದು ಹೀಗೆ ಸುಮಾರು 21 ಗಂಟೆಗಳ ಕಾಲ ನಡೆಯಿತು. ಮಿತಿಯನ್ನು ಮುಚ್ಚಿಡದೆ ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ಆಟವನ್ನು ಬಗ್ಗಿಸಿದರು. ಒಳ್ಳೆಯ ಎಂಜಿನಿಯರನ ಲಕ್ಷಣವೇ ಅದು.

ಮೂರನೆಯದು ಮನುಷ್ಯಸ್ವಭಾವ. ಇದರ ಪಾಠ ಎಲ್ಲಕ್ಕಿಂತಲೂ ಸ್ವಾರಸ್ಯವಾದುದು. 1997ರಲ್ಲಿ ಹೊರಬಂದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದ ರಚನಕಾರರು, ರಿಚರ್ಡ್ ಗ್ಯಾರಿಯಟ್, ರಾಫ್ ಕಾಸ್ಟರ್ ಮೊದಲಾದವರು, ತಮ್ಮ ಕಾಡಿನಲ್ಲಿ ಒಂದು ನಿಜವಾದ ಜೀವಸಮತೋಲವನ್ನು ತರಲು ಬಯಸಿದರು. ಹುಲ್ಲನ್ನು ಮೇಯುವ ಪ್ರಾಣಿಗಳು, ಅವನ್ನು ತಿನ್ನುವ ಮಾಂಸಾಹಾರಿಗಳು, ಬೇಟೆ ಸಿಗದಿದ್ದರೆ ಬೇರೆಡೆಗೆ ಅಲೆಯುವ ಮೃಗಗಳು: ಹೀಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರಬೇಕೆಂಬುದು ಅವರ ಆಸೆ. ಆಟಗಾರರನ್ನು ಒಳಗೆ ಬಿಟ್ಟುದೇ ತಡ, ಅವರು ಕಣ್ಣಿಗೆ ಬಿದ್ದ ಪ್ರಾಣಿಯನ್ನೆಲ್ಲ ಹುಟ್ಟುಹುಟ್ಟುತ್ತಲೇ ಕೊಂದುಹಾಕಿದರು. ಸಮತೋಲ ಕಾಣುವುದಕ್ಕೇ ಅವಕಾಶವಾಗಲಿಲ್ಲ. ಕೊನೆಗೆ ಆ ವ್ಯವಸ್ಥೆಯನ್ನೇ ತೆಗೆದುಹಾಕಬೇಕಾಯಿತು.

ಇದಕ್ಕೆ ಕಾರಣವೇನು? ಲೋಟ್ಕಾ ಮತ್ತು ವೋಲ್ಟೆರಾ ಎಂಬ ವಿದ್ವಾಂಸರು 1920ರ ದಶಕದಲ್ಲಿ ರೂಪಿಸಿದ ಸಮೀಕರಣಗಳಲ್ಲಿ, ಬೇಟೆ ಕಡಿಮೆಯಾದರೆ ತೋಳ ಹಸಿವಿನಿಂದ ಕಡಿಮೆಯಾಗುತ್ತದೆ. ತೋಳ ಕಡಿಮೆಯಾದರೆ ಬೇಟೆ ಮತ್ತೆ ಹೆಚ್ಚುತ್ತದೆ. ಆಟಗಾರನಾದರೋ ಹಸಿವಿಲ್ಲದೆ ಕೊಲ್ಲುವ ಮೃಗ. ಕಾಡು ಬರಿದಾದರೂ ಅವನ ಸಂಖ್ಯೆ ಇಳಿಯುವುದಿಲ್ಲ. ಹಿಂದಕ್ಕೆ ಎಳೆಯುವ ಬಲವೇ ಇಲ್ಲದ ಲೋಲಕ ತೂಗೀತೆ? ನಮ್ಮ ನಿಜವಾದ ಕಾಡುಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲವೆಂಬುದನ್ನು ವಾಚಕರು ತಾವೇ ಗ್ರಹಿಸಬಲ್ಲರು. ‘ಜೀವಂತ ಲೋಕ’ವೊಂದನ್ನು ಕೊಡುತ್ತೇವೆ ಎನ್ನುವವರನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಲೋಕವನ್ನು ನಮ್ಮಿಂದ ಹೇಗೆ ಕಾಪಾಡುವಿರಿ?

ನಾಲ್ಕನೆಯದು ಹಣ. ಪಾತ್ರಗಳು ಮುಪ್ಪಾಗಿ ಸಾಯುವ, ವಂಶ ಬೆಳೆಯುವ ಅದ್ಭುತ ಲೋಕವನ್ನು ಕಟ್ಟುವುದಾಗಿ ಹೇಳಿ ‘ಕ್ರಾನಿಕಲ್ಸ್ ಆಫ್ ಇಲಿರಿಯಾ’ ಎಂಬ ಆಟದವರು 2016ರಲ್ಲಿ ಸಾರ್ವಜನಿಕರಿಂದ 13 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಕೂಡಿಸಿದರು. 2020ರ ಮಾರ್ಚಿಯಲ್ಲಿ ಹಣ ಮುಗಿಯಿತೆಂದು ಕೆಲಸಗಾರರನ್ನು ಬಿಡುಗಡೆ ಮಾಡಿದರು. ಪರರ ಮಾತೇಕೆ? ನಾನೂ ನೌಕರಿಗೆ ಸೇರಿದ ಹೊಸತರಲ್ಲಿ ಇಂಥದೇ ಇನ್ನೊಂದು ಆಟಕ್ಕೆ ಒಂದು ತಿಂಗಳ ಮನೆಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ತೆತ್ತವನು. ಅದರ ಹೆಸರು ಬೇಡ. ಸುಂದರವಾದ ಚಿತ್ರಗಳು ಬಂದವು, ಉದ್ದವಾದ ಪತ್ರಗಳು ಬಂದವು, ಆಟ ಬರಲಿಲ್ಲ. ಮೋಸಹೋದುದಕ್ಕಿಂತಲೂ ನನ್ನನ್ನು ಹೆಚ್ಚು ನಾಚಿಸಿದುದು ಇನ್ನೊಂದು ಸಂಗತಿ: ಮೇಲೆ ಹೇಳಿದ ಸಾವಿರ ಜನರ ಲೆಕ್ಕವನ್ನು ಹಣ ಕೊಡುವ ಮುನ್ನ ಒಂದು ಚೀಟಿಯ ಮೇಲೆ ನಾನು ಮಾಡಿ ನೋಡಬಹುದಾಗಿತ್ತು. ತರಗತಿಯಲ್ಲಿ ಲೆಕ್ಕ ಹೇಳಿಕೊಡುವವನು ಮನೆಯಲ್ಲಿ ಲೆಕ್ಕ ಮಾಡಲಿಲ್ಲ.

ಹಾಗಾದರೆ ಆಸೆಗೆ ಎಡೆಯೇ ಇಲ್ಲವೆ? ಇದೆ. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ’ ಮಾಲೆಯ ಹದಿನಾಲ್ಕನೆಯ ಆಟ 2010ರ ಸೆಪ್ಟೆಂಬರಿನಲ್ಲಿ ಹೊರಬಂದಾಗ ಎಲ್ಲರ ತಿರಸ್ಕಾರಕ್ಕೂ ಗುರಿಯಾಯಿತು. ಅದರಲ್ಲಿ ಒಂದು ಹೂಕುಂಡವನ್ನು ಬಿಡಿಸಲು, ಒಬ್ಬ ಆಟಗಾರನ ಇಡೀ ಪಾತ್ರಕ್ಕೆ ಬೇಕಾಗುವಷ್ಟೇ ಶ್ರಮವನ್ನು ಯಂತ್ರ ಪಡಬೇಕಾಗಿತ್ತಂತೆ! ಅಂದವನ್ನು ಅಳತೆಯಿಲ್ಲದೆ ಬಯಸಿದುದರ ಫಲ ಅದು. ಆ ವರ್ಷದ ಕೊನೆಯಲ್ಲಿ ನವೊಕಿ ಯೊಷಿದಾ ಅವರು ಹೊಣೆಯನ್ನು ವಹಿಸಿಕೊಂಡರು. ಸಂಸ್ಥೆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಬಹುಕಾಲ ಆಟಗಾರರಿಂದ ಮಾಸಿಕ ಶುಲ್ಕವನ್ನು ಪಡೆಯಲಿಲ್ಲ. 2012ರ ನವೆಂಬರಿನಲ್ಲಿ ಹಳೆಯ ಲೋಕವನ್ನು ಮುಚ್ಚಿ, 2013ರ ಆಗಸ್ಟಿನಲ್ಲಿ ಹೊಸದಾಗಿ ಕಟ್ಟಿದ ಲೋಕವನ್ನು ತೆರೆದರು. ಅದು ಲೋಕಪ್ರಿಯವಾಯಿತು. ತಪ್ಪಿದ ಪ್ರಯೋಗವನ್ನು ಮುಚ್ಚಿಡದೆ, ಫಲಿತಾಂಶವನ್ನು ಬರೆದಿಟ್ಟು, ಉಪಕರಣವನ್ನು ಬಿಚ್ಚಿ ಮತ್ತೆ ಜೋಡಿಸಿದವರಿಗೆ ಸಿಕ್ಕ ಗೆಲುವು ಇದು.

ಈ ಉದಾಹರಣೆಯನ್ನು ಮುಂದಿಟ್ಟುಕೊಂಡು ನೋಡಿದರೆ, ದಿಕ್ಕು ಬದಲಿಸಿದೆವೆಂದು ಹೇಳಿಕೊಳ್ಳುವುದು ಸೋಲಿನ ಗುರುತಾಗಲೇಬೇಕೆಂದಿಲ್ಲ. ಮೌನವೂ ಹಾಗೆಯೇ. ತೋರಿಸಲು ಏನೂ ಇಲ್ಲದಾಗ ಸುಮ್ಮನಿರುವುದು, ಇಲ್ಲದುದನ್ನು ಚಿತ್ರದಲ್ಲಿ ತೋರಿಸುವುದಕ್ಕಿಂತ ಮೇಲು. ಆದರೆ ಮೌನವನ್ನು ಪ್ರಮಾಣವೆಂದೂ ಎಣಿಸಬಾರದು. ಫಲಿತಾಂಶವನ್ನು ಇನ್ನೂ ಪ್ರಕಟಿಸದ ಪ್ರಯೋಗ ಗೆದ್ದುದೂ ಅಲ್ಲ, ಸೋತುದೂ ಅಲ್ಲ.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ನಾನು ಇಬ್ಬರ ಪಕ್ಷವೂ ಹೌದು. ಆಸೆಪಡಿರಿ, ಕಲ್ಪಿತ ಲೋಕವನ್ನು ಬಯಸುವ ಮನಸ್ಸೇ ನಾಳೆ ಅಂಥ ಲೋಕವನ್ನು ಕಟ್ಟುವ ಮನಸ್ಸಾಗಬಹುದು. ಸಂಶಯಪಡಿರಿ, ಆದರೆ ಲೆಕ್ಕ ಹಾಕಿ ಸಂಶಯಪಡಿರಿ. ನಿಮ್ಮ ತಂದೆತಾಯಿಗಳು ಕೊಟ್ಟ ಹಣವನ್ನು ಭರವಸೆಗೆ ತೆರಬೇಡಿರಿ. ಆಟ ಬಂದ ಮೇಲೆ, ಆಡಿದವರ ಮಾತನ್ನು ಕೇಳಿದ ಮೇಲೆ, ಇಷ್ಟವಾದರೆ ಆಟಕ್ಕೆ ತೆತ್ತರೆ ಸಾಕು. ಹಣವನ್ನಾದರೂ ಮತ್ತೆ ಗಳಿಸಬಹುದು. ಕಾಯುತ್ತ ವಾದಿಸುತ್ತ ಕಳೆದ ಸಂಜೆಗಳನ್ನು ಯಾವ ಸಂಸ್ಥೆಯೂ ಹಿಂದಿರುಗಿಸಲಾರದು.

ಇನ್ನೊಂದು ಮಾತು. ಆ ದಿನ ನೀವಿಬ್ಬರೂ ಎಣಿಸದೆ ಬಿಟ್ಟ ಇಪ್ಪತ್ತು ಆಂದೋಲನಗಳು ನಿಮ್ಮ ದಾಖಲೆ ಪುಸ್ತಕದಲ್ಲಿ ಇನ್ನೂ ಖಾಲಿಯಾಗಿಯೇ ಇವೆ. ಅವನ್ನು ಬರುವ ವಾರ ಪೂರೈಸತಕ್ಕದ್ದು.